ಕಸುಬು ಸ್ವಂತದ್ದೋ, ಗೇಣಿಯದ್ದೋ?



ಧರ್ಮಕೇಂದ್ರದ ಗುರುವಾದವನು ತನ್ನ ಜೀವಮಾನದಲ್ಲಿ ಬರೆಯುವ ಬರಹಗಳಲ್ಲಿ ಪ್ರಬೋಧನೆಗಳಿಗಿಂತ ಶಿಫಾರಸು ಪತ್ರಗಳೇ ಹೆಚ್ಚು. ಶಾಲೆಗೆ, ಆಸ್ಪತ್ರೆಗೆ, ವಿದ್ಯಾರ್ಥಿನಿಲಯಕ್ಕೆ, ಈಚಿನ ವರ್ಷಗಳಲ್ಲಿ ತರಬೇತಿ ಕೇಂದ್ರಗಳಿಗೆ. 'ಈ ಪತ್ರವನ್ನು ತರುವ ಯುವಕನು ನನಗೆ ಪರಿಚಿತನು, ಸದ್ಗುಣಿ, ಬಡ ಕುಟುಂಬದವನು' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡುವುದಕ್ಕೆ ಐದು ನಿಮಿಷ ಸಾಕು. ಪತ್ರ ತೆಗೆದುಕೊಂಡು ಹೋದವನ ಬದುಕು ಆಮೇಲೆ ಯಾವ ದಿಕ್ಕಿಗೆ ಹೊರಳಿತೆಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ನಾನಂತೂ ವಿಚಾರಿಸಿರಲಿಲ್ಲ.

ಕಳೆದ ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ, ಚಂದ್ರಗುತ್ತಿ ಹೋಬಳಿಯ ರೈತರೊಬ್ಬರು ನಮ್ಮ ಕ್ರೈಸ್ತ ಕುಟುಂಬವೊಂದರ ಜೊತೆ ನನ್ನನ್ನು ಕಾಣಲು ಬಂದರು. ಅವರು ನಮ್ಮ ಸಭೆಯವರಲ್ಲ, ಆ ಕುಟುಂಬಕ್ಕೆ ನೆರೆಯವರು. "ಹೋದ ಸಲ ದೊಡ್ಡವನಿಗೆ ಬರ್ಕೊಟ್ಟಿದ್ರಲ್ಲ ಫಾದರ್, ಅಂಥದ್ದೇ ಒಂದು ಕಾಗದ ಚಿಕ್ಕವನಿಗೂ ಬೇಕಾಗಿತ್ತು" ಎಂದರು. ದೊಡ್ಡವನು ಎಲ್ಲಿದ್ದಾನೆ ಎಂದು ಕೇಳಿದೆ. "ಮನೇಲೇ ಇದ್ದಾನೆ. ಶುಂಠಿ ಕೆಲಸಕ್ಕೆ ಹೋಗ್ತಾನೆ" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ಚಂದ್ರಗುತ್ತಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ರೇಣುಕಾಂಬೆಯ ಗುಹಾಲಯ ಮತ್ತು ಬೆಟ್ಟದ ಮೇಲಿನ ಹಳೆಯ ಕೋಟೆ. ಜಾತ್ರೆಯ ದಿನಗಳು ಕಳೆದರೆ ಉಳಿದಂತೆ ಅದು ಭತ್ತ, ಅಡಿಕೆ, ಜೋಳ, ಶುಂಠಿಗಳನ್ನು ನಂಬಿದ ಸೀಮೆ. ಸಣ್ಣ ಹಿಡುವಳಿಗಳು ಅಣ್ಣತಮ್ಮಂದಿರ ಪಾಲಿನಲ್ಲಿ ಇನ್ನೂ ಸಣ್ಣದಾಗಿವೆ. ಆದ್ದರಿಂದ ಅಲ್ಲಿನ ತರುಣರು ಬೆಂಗಳೂರಿನ ಬಸ್ಸು ಹತ್ತುವುದರಲ್ಲಿ ಆಶ್ಚರ್ಯವಿಲ್ಲ. ಆ ಮನೆಯ ಹಿರಿಯ ಮಗನೂ ಹಾಗೆಯೇ ಹೋದವನು. ಮೂರು ತಿಂಗಳ ಉಚಿತ ತರಬೇತಿ, ಊಟ ವಸತಿ, ಮುಗಿದ ಕೂಡಲೇ ಕೆಲಸ. ನಾನು ಸಂತೋಷದಿಂದಲೇ ಪತ್ರ ಬರೆದುಕೊಟ್ಟಿದ್ದೆ.

ಅವನನ್ನು ಕರೆಸಿ ಮಾತನಾಡಿದೆ. ನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದಿದ್ದ. ಅದರ ಹೆಸರು ಇಲ್ಲಿ ಬೇಡ. ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದಾಗ ಬಾಯಿಂದ ಹೇಳುವ ಬದಲು ಕೈಯಿಂದ ತೋರಿಸಿದ. ಎಡಗೈಯಿಂದ ಒಂದು ಬಿಡಿಭಾಗವನ್ನು ಎತ್ತಿ ಅಚ್ಚಿನೊಳಗೆ ಕೂರಿಸುವುದು, ಬಲಗೈಯಿಂದ ನಾಲ್ಕು ಸ್ಕ್ರೂ ಬಿಗಿಯುವುದು, ಗುಂಡಿ ಒತ್ತುವುದು, ಮುಂದಕ್ಕೆ ತಳ್ಳುವುದು. ಪಾಳಿಯೊಂದಕ್ಕೆ ಎಷ್ಟು ಸಾವಿರ ಸಲವೋ! ಆ ಉತ್ಪನ್ನದ ಮಾದರಿ ಬದಲಾದಾಗ ಆ ಸಾಲನ್ನೇ ಮುಚ್ಚಿದರು. ಇವನನ್ನು ತಂದಿಟ್ಟಿದ್ದ ಗುತ್ತಿಗೆದಾರ 'ಮತ್ತೆ ಕರೆಯುತ್ತೇನೆ' ಎಂದ, ಕರೆಯಲಿಲ್ಲ. ಬೇರೆ ಕಾರ್ಖಾನೆಯಲ್ಲಿ ಪ್ರಯತ್ನಿಸಲಿಲ್ಲವೇ ಎಂದೆ. "ಹೋಗಿದ್ದೆ ಫಾದರ್. ಏನು ಬರುತ್ತೆ ಅಂತ ಕೇಳಿದ್ರು. ಆ ಮೆಷಿನ್ ಇದ್ರೆ ಮಾಡ್ತೀನಿ, ಬೇರೆ ಏನು ಬರುತ್ತೆ ಅಂತ ಹೇಳ್ಲಿ?" ಎಂದ.

ಓದುಗರೇ, ಅವನು ಸೋಮಾರಿಯಲ್ಲ. ತರಬೇತಿ ಪಡೆಯದವನೂ ಅಲ್ಲ. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹೊದಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಹಾಗಾದರೆ ಅವನಿಗೆ ನಾವು ಕೊಡಿಸಿದ್ದೇನು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ನಮ್ಮ ಮಲೆನಾಡಿನ ಇತಿಹಾಸವೇ. ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಆ ಹೋರಾಟದ ಕಿಡಿ ಹೊತ್ತಿದ್ದು ಭತ್ತ ಅಳೆಯುವ ಕೊಳಗದ ವಿಚಾರದಲ್ಲಿ ಎಂಬುದನ್ನು ಹಿರಿಯರು ಬಲ್ಲರು. ಗೇಣಿ ಅಳೆಯುವ ಕೊಳಗ ಒಡೆಯನ ಮನೆಯದು. ಅದರ ಗಾತ್ರ ಎಷ್ಟೆಂದು ಹೇಳುವವನೂ ಅವನೇ. ಉಳುವವನ ಬೆವರಿಗೆ ಅಳತೆಗೋಲು ಉಳುವವನ ಕೈಯಲ್ಲಿರಲಿಲ್ಲ. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದು, ಡಿಕ್ಲರೇಷನ್ ಹಾಕಿದ ಸಾವಿರಾರು ಗೇಣಿದಾರರು ಭೂಮಿಯ ಒಡೆಯರಾದರು. ಚಂದ್ರಗುತ್ತಿಯ ಆ ರೈತರ ತಂದೆಗೂ ಎರಡೆಕರೆ ಬಂದದ್ದು ಹಾಗೆಯೇ.

ಗೇಣಿದಾರನಿಗೆ ಕೆಲಸವಿರಲಿಲ್ಲವೇ? ಬೇಕಾದಷ್ಟಿತ್ತು. ಬೇಸಾಯದ ಅನುಭವವೂ ಇತ್ತು. ಇಲ್ಲದ್ದು ಒಂದೇ: ನಾಳೆ 'ಬಿಡು' ಎಂದರೆ ಬಿಡಬೇಕಾಗದ ಹಕ್ಕು.

ಸಂತ ಎರಡನೆಯ ಜಾನ್ ಪೌಲರು ಜಗದ್ಗುರುಗಳಾಗಿದ್ದಾಗ, 1991ರಲ್ಲಿ, 'ಚೆಂತೆಸಿಮುಸ್ ಆನ್ನುಸ್' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು 1891ರಲ್ಲಿ ಬರೆದ ವಿಶ್ವಪತ್ರಕ್ಕೆ ನೂರು ವರ್ಷ ತುಂಬಿದ ಸಂದರ್ಭ ಅದು. ನಮ್ಮ ಕಾಲದಲ್ಲಿ ಭೂಮಿಗಿಂತ ಕಡಿಮೆಯಲ್ಲದ ಇನ್ನೊಂದು ಬಗೆಯ ಒಡೆತನ ಹುಟ್ಟಿಕೊಂಡಿದೆ, ಅದು ಅರಿವಿನ, ತಂತ್ರಜ್ಞಾನದ, ಕುಶಲತೆಯ ಒಡೆತನ ಎಂದು ಅವರು ಅಲ್ಲಿ ವಿವರಿಸುತ್ತಾರೆ. ಆ ಒಡೆತನವಿಲ್ಲದವರು ಶೋಷಿತರಾಗುವುದಷ್ಟೇ ಅಲ್ಲ, ಕ್ರಮೇಣ ಯಾರಿಗೂ ಬೇಡದವರಾಗಿ ಅಂಚಿಗೆ ಸರಿಯುತ್ತಾರೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಗುರುಮಠದ ತರಗತಿಯಲ್ಲಿ ಇಂಥ ಮಾತುಗಳನ್ನು ಓದಿ ಪರೀಕ್ಷೆ ಬರೆದವನು ನಾನು. ಆದರೆ ಪ್ಲಾಸ್ಟಿಕ್ ಹೊದಿಸಿದ ಆ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದಾಗಲೇ ಅವುಗಳ ಅರ್ಥ ನನಗೆ ತಟ್ಟಿದ್ದು. ನಾವು ಆ ಹುಡುಗನಿಗೆ ಕಸುಬಿನ ಒಡೆತನ ಕೊಡಿಸಿರಲಿಲ್ಲ. ಗೇಣಿಗೆ ಒಂದು ಕೆಲಸ ಕೊಡಿಸಿದ್ದೆವು. ಅಜ್ಜ ಗೇಣಿ ಕಳಚಿಕೊಂಡ ಮನೆಯಲ್ಲಿ ಮೊಮ್ಮಗ ಮತ್ತೆ ಗೇಣಿದಾರನಾದ.

ನಮ್ಮ ಭಾಷೆಯಲ್ಲಿ 'ಕೆಲಸ' ಬೇರೆ, 'ಕಸುಬು' ಬೇರೆ. ಕೆಲಸವನ್ನು ಮತ್ತೊಬ್ಬರು ಕೊಡಬೇಕು, ಅವರು ಕಿತ್ತುಕೊಳ್ಳಲೂ ಬಹುದು. ಕಸುಬು ಕೈಯಲ್ಲಿ ಕೂತಿರುತ್ತದೆ, ಊರು ಬಿಟ್ಟರೂ ಜೊತೆಗೆ ಬರುತ್ತದೆ. ಇದು ಹಳೆಯ ಕಾಲದ ಬಡಗಿ ಕಮ್ಮಾರರಿಗೆ ಸರಿ, ಇಂದಿನ ಯಂತ್ರಗಳ ಕಾರ್ಖಾನೆಗೆ ಹೊಂದದು ಎಂದು ಕೆಲವರು ಹೇಳುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. ಶಿವಮೊಗ್ಗದ ಹೊರವಲಯದ ಮಾಚೇನಹಳ್ಳಿಯಲ್ಲಿ ಯಂತ್ರಾಗಾರ ನಡೆಸುವ ನಮ್ಮ ವಿಶ್ವಾಸಿಯೊಬ್ಬರು ನನ್ನ ತಿಳಿವಳಿಕೆಯನ್ನು ತಿದ್ದಿದರು.

ಅವರಲ್ಲಿ ಗಣಕಯಂತ್ರದಿಂದ ನಡೆಯುವ ಲೇತುಗಳಿವೆ, ಸಿಎನ್‌ಸಿ ಎನ್ನುತ್ತಾರೆ. ಒಂದೇ ಯಂತ್ರದ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಆಪರೇಟರ್, ಇನ್ನೊಬ್ಬ ಸೆಟ್ಟರ್. ಆಪರೇಟರ್ ಕಬ್ಬಿಣದ ತುಂಡನ್ನು ಚಕ್ಕಿನಲ್ಲಿ ಕಚ್ಚಿಸಿ, ಬಾಗಿಲು ಮುಚ್ಚಿ, ಗುಂಡಿ ಒತ್ತುತ್ತಾನೆ. ಮುಗಿದ ಮೇಲೆ ತೆಗೆಯುತ್ತಾನೆ. ಇದನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಸೆಟ್ಟರ್ ಆದವನು ನಕ್ಷೆ ಓದಬಲ್ಲ. ಯಾವ ಲೋಹಕ್ಕೆ ಯಾವ ಉಳಿ, ಎಷ್ಟು ವೇಗ, ಒಂದು ಸಲಕ್ಕೆ ಎಷ್ಟು ಆಳ ಎಂದು ನಿರ್ಧರಿಸಬಲ್ಲ. ಉಳಿ ಸವೆದಂತೆ ಅಳತೆ ಎಷ್ಟು ಜಾರುತ್ತದೆಂದು ಮೈಕ್ರೋಮೀಟರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ನೋಡಿ, ಯಂತ್ರಕ್ಕೆ ಹೊಸ ಲೆಕ್ಕ ಕೊಡಬಲ್ಲ. "ಯಂತ್ರ ಬದಲಾದರೆ ಇವನು ಹದಿನೈದು ದಿನ ಒದ್ದಾಡುತ್ತಾನೆ, ಆಮೇಲೆ ಕೂತ್ಕೊಳ್ತಾನೆ. ಅವನನ್ನು ನಾನು ಮೊದಲಿಂದ ಕಲಿಸಬೇಕು" ಎಂದರು ಯಜಮಾನರು. ಸೆಟ್ಟರಿಗೆ ಐಟಿಐಯಲ್ಲಿ ಎರಡು ವರ್ಷ ಕಲಿತ ಅಡಿಪಾಯವಿತ್ತು. ಅಲ್ಲಿ ಅವನು ಮೊದಲ ತಿಂಗಳುಗಳನ್ನು ಅರ ಹಿಡಿದು ಕಬ್ಬಿಣ ಉಜ್ಜುವುದರಲ್ಲೇ ಕಳೆದಿದ್ದನಂತೆ; ಆಗ ಬೇಸರವಾಗಿತ್ತೆಂದು ನಗುತ್ತ ಹೇಳಿದ.

ಕಾಗೋಡಿನ ಕೊಳಗ ನನಗೆ ನೆನಪಾದದ್ದು ಅಲ್ಲಿ. ಅಳತೆಗೋಲು ದುಡಿಯುವವನ ಕೈಗೆ ಬಂದರೆ ಏನಾಗುತ್ತದೆಂದು ಆ ಮೈಕ್ರೋಮೀಟರು ಹಿಡಿದವನ ಮುಖದಲ್ಲಿ ಕಾಣುತ್ತಿತ್ತು.

ಕಸುಬು ಕೊಡಿಸುವುದು ಧರ್ಮಕಾರ್ಯವೆಂಬ ಅರಿವು ಧರ್ಮಸಭೆಗೆ ಹೊಸದೇನಲ್ಲ. ನಮ್ಮ ಕರಾವಳಿಯಲ್ಲೇ, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಹೋದರರು, ಹೊಸ ವಿಶ್ವಾಸವನ್ನು ಸ್ವೀಕರಿಸಿ ಮನೆ ಮಠ ಕಳೆದುಕೊಂಡವರಿಗೆ ಅನ್ನ ದೊರಕಿಸಲೆಂದು ನೇಯ್ಗೆ ಶಾಲೆ ತೆರೆದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಅದೇ ಜೆಪ್ಪುವಿನಲ್ಲಿ ನಮ್ಮ ಜೆಸ್ವಿತ್ ಗುರುಗಳು ಆರಂಭಿಸಿದ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಅನಾಥ ಬಾಲಕರು ಮರಗೆಲಸ, ಲೋಹದ ಕೆಲಸ ಕಲಿತರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ನೆರವಿನಿಂದ 1959ರಲ್ಲಿ ತಲಶ್ಶೇರಿಯ ಬಳಿಯ ನೆತ್ತೂರಿನಲ್ಲಿ ಹುಟ್ಟಿದ ತಾಂತ್ರಿಕ ತರಬೇತಿ ಸಂಸ್ಥೆ ಬೆಂಗಳೂರಿಗೂ ಬಂತು. ಎನ್‌ಟಿಟಿಎಫ್ ಎಂಬ ಅದರ ಹೆಸರು ಕಾರ್ಖಾನೆಗಳಲ್ಲಿ ಇಂದಿಗೂ ಮರ್ಯಾದೆಯದು.

ಆದರೆ ನನ್ನನ್ನು ಹೆಚ್ಚು ನಾಚಿಸಿದವರು ಸಂತ ಜಾನ್ ಬೋಸ್ಕೋ. ಇಟಲಿಯ ತೂರಿನ್ ನಗರದಲ್ಲಿ, ಹಳ್ಳಿಗಳಿಂದ ಕೂಲಿಗೆ ಬಂದ ಹುಡುಗರನ್ನು ಅವರು ಕಸುಬುದಾರರ ಬಳಿ ಕೆಲಸಕ್ಕೆ ಸೇರಿಸುತ್ತಿದ್ದರು. ಕೈಮುಗಿದು 'ನೋಡಿಕೊಳ್ಳಿ' ಎಂದು ಬಿಟ್ಟು ಬರಲಿಲ್ಲ. 1851-52ರಷ್ಟು ಹಿಂದೆಯೇ ಮುದ್ರಾಂಕದ ಕಾಗದದ ಮೇಲೆ ಒಪ್ಪಂದ ಬರೆಸಿ, ತಾವೂ ಸಹಿ ಹಾಕಿದರು. ಯಜಮಾನನು ಹುಡುಗನಿಗೆ ಆ ಕಸುಬನ್ನು ಪೂರ್ತಿಯಾಗಿ ಕಲಿಸಬೇಕು, ಬೇರೆ ಚಾಕರಿಗೆ ಬಳಸಬಾರದು. ತಿದ್ದುವುದಾದರೆ ಮಾತಿನಿಂದ ತಿದ್ದಬೇಕು, ಹೊಡೆಯಬಾರದು. ಹಬ್ಬದ ದಿನ ಬಿಡುವು ಕೊಡಬೇಕು. ಕಲಿತಂತೆಲ್ಲ ವೇತನ ಏರಬೇಕು. ನಾನು ಬರೆದ ಪತ್ರದಲ್ಲಿ ಹುಡುಗನ ಸದ್ಗುಣದ ಬಗ್ಗೆ ಮಾತ್ರ ಇತ್ತು. ಬೋಸ್ಕೋರವರ ಕಾಗದದಲ್ಲಿ ಯಜಮಾನನ ಕರ್ತವ್ಯದ ಬಗ್ಗೆಯೂ ಇತ್ತು.

ಇಂದಿನ ಭಾರತದಲ್ಲಿ ಆ ಕಾಗದದ ಸ್ಥಾನದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಒಳ್ಳೆಯ ಉದ್ದೇಶದ ಕಾಯ್ದೆ, ಅದರಿಂದ ಬದುಕು ಕಟ್ಟಿಕೊಂಡವರು ಅನೇಕರು. ಆದರೂ ತಂದೆತಾಯಂದಿರು ಅದರ ಎರಡು ಅಂಶಗಳನ್ನು ತಿಳಿದಿರಬೇಕು. ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಆದವನು ಕಲಿಯುವವನೇ ಹೊರತು ಕಾರ್ಮಿಕನಲ್ಲ. ಅವನಿಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡು. ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಅವಧಿ ಮುಗಿದ ಮೇಲೆ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬದ್ಧತೆಯೂ ಯಜಮಾನನಿಗಿಲ್ಲ. ಕಲಿಯುವವನೆಂಬ ಹೆಸರಿನಲ್ಲಿ ಅಗ್ಗದ ದುಡಿಮೆ ನಡೆಯುತ್ತಿದ್ದರೆ ಅದನ್ನು ಕಂಡುಹಿಡಿಯುವ ಸುಲಭದ ದಾರಿಯೊಂದಿದೆ: ರಜೆಗೆ ಬಂದ ಮಗನನ್ನು 'ಈ ತಿಂಗಳು ಹೊಸದಾಗಿ ಏನು ಕಲಿತೆ?' ಎಂದು ಕೇಳಿ. ಮೂರು ತಿಂಗಳು ಅದೇ ಉತ್ತರ ಬಂದರೆ ನಿಮಗೇ ತಿಳಿಯುತ್ತದೆ.

ಕಲಿತವನಿಗೂ ದನಿ ಬೇಕು. ಕೋಲಾರದ ನರಸಾಪುರದಲ್ಲಿ ಮೊಬೈಲ್ ಫೋನ್ ಜೋಡಿಸುತ್ತಿದ್ದ ತೈವಾನ್ ಮೂಲದ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ದಾಂಧಲೆ ನಿಮಗೆ ನೆನಪಿರಬಹುದು. ಗಾಜು ಒಡೆದದ್ದನ್ನು ನಾನು ಸಮರ್ಥಿಸಲಾರೆ. ಆದರೆ ಆ ತರುಣರ ಸಂಬಳದ ಅಹವಾಲು ಸುಳ್ಳಾಗಿರಲಿಲ್ಲ. ವೇತನ ಪಾವತಿಯಲ್ಲಿ ಲೋಪವಾಗಿದೆಯೆಂದು ಒಪ್ಪಿ ಕಂಪನಿ ಕ್ಷಮೆ ಕೇಳಿತು. ಅವರಲ್ಲಿ ಬಹುಪಾಲು ಜನ ಗುತ್ತಿಗೆದಾರರ ಮೂಲಕ ಬಂದವರು. ಯಾರನ್ನು ಕೇಳಬೇಕೆಂಬುದೇ ಇಂಥ ಕಡೆ ದೊಡ್ಡ ಸಮಸ್ಯೆಯಾಗುತ್ತದೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿ, 'ಕಸುಬು ಪೂರ್ತಿ ಕಲಿತುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಫಾದರ್' ಎಂದು ನೀವು ಭಾವಿಸಬಾರದು. ಸೊರಬ ಸಾಗರಗಳ ಗುಡಿಗಾರರನ್ನು ನೋಡಿ. ಶ್ರೀಗಂಧದಲ್ಲಿ ಬಳ್ಳಿ, ಆನೆ, ದೇವತೆಗಳನ್ನು ಕೆತ್ತುವ ಅವರ ಕಸುಬಿಗಿಂತ ಸ್ವಂತದ ಕಸುಬು ಯಾವುದಿದ್ದೀತು? ತಂದೆಯಿಂದ ಮಗನಿಗೆ ಬಂದದ್ದು, ಯಾವ ಗುತ್ತಿಗೆದಾರನೂ ಕಿತ್ತುಕೊಳ್ಳಲಾರದ್ದು. ಆದರೆ ಗಂಧದ ಮರ ಅವರದಾಗಿರಲಿಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಅದು ಸರ್ಕಾರದ ಸೊತ್ತು. ಜಮೀನಿನಲ್ಲಿ ಬೆಳೆದ ಗಂಧಕ್ಕೆ ಜಮೀನಿನವನೇ ಒಡೆಯನೆಂದು ಕರ್ನಾಟಕದಲ್ಲಿ ಕಾನೂನು ತಿದ್ದಿದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧ ಬರಿದಾಗಿತ್ತು. ಕೈಯಲ್ಲಿ ಕಸುಬಿದ್ದು ಮುಂದೆ ಮರವಿಲ್ಲದೆ ಕುಳಿತ ಕುಶಲಕರ್ಮಿಯನ್ನು ಸರ್ಕಾರದ ನಮೂನೆಯಲ್ಲಿ 'ಕೌಶಲರಹಿತ' ಎಂಬ ಕಲಮಿನಲ್ಲಿ ಬರೆದುಕೊಳ್ಳುವುದಕ್ಕಿಂತ ಹೆಚ್ಚಿನ ಅವಮಾನವಿಲ್ಲ.

ಭದ್ರಾವತಿಯೂ ಅದನ್ನೇ ಹೇಳುತ್ತದೆ. 1923ರಲ್ಲಿ ಮಲೆನಾಡಿನ ಕಟ್ಟಿಗೆ ಇದ್ದಿಲಿನಿಂದ ಉರಿದ ಆ ಕುಲುಮೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವೆರಡನ್ನು ನಂಬಿ ತಲೆಮಾರುಗಳು ಬದುಕಿದವು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತದ್ದಕ್ಕೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತರುಣರಿಗೆ ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರಿನಲ್ಲಿ ನಿಂತದ್ದು ಆ ಸಂಸ್ಥೆ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ವರ್ಷವೇ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ನಾನು ಕಂಡ ಕುಟುಂಬಗಳ ಮಟ್ಟಿಗೆ ಹೇಳುವುದಾದರೆ, ಟರ್ನರ್, ಫಿಟ್ಟರ್, ವಿದ್ಯುತ್ ಕೆಲಸ ಬಲ್ಲವರು ಕಷ್ಟಪಟ್ಟಾದರೂ ಬೇರೆ ಕಡೆ ನೆಲೆ ಕಂಡರು. ಹೊರೆ ಹೊತ್ತವರಿಗೆ, ಗುಡಿಸಿದವರಿಗೆ, ಗುಂಡಿ ಒತ್ತಿದವರಿಗೆ ಊರೇ ಮುಚ್ಚಿದಂತಾಯಿತು. ಒಡೆತನ ಬರಗಾಲವನ್ನು ತಡೆಯುವುದಿಲ್ಲ. ಆದರೆ ಬರಗಾಲದಲ್ಲಿ ಭೂಮಿಯಿದ್ದವನಿಗೂ ಇಲ್ಲದವನಿಗೂ ವ್ಯತ್ಯಾಸವಿದ್ದೇ ಇದೆ.

ಪ್ರಭುವಿನ ದ್ರಾಕ್ಷಿತೋಟದ ಸಾಮತಿಯನ್ನು ನೆನೆಯೋಣ. ಇಳಿಹೊತ್ತಿನವರೆಗೂ ಪೇಟೆಯಲ್ಲಿ ನಿಂತಿದ್ದವರನ್ನು ಯಜಮಾನ ಪ್ರಶ್ನಿಸಿದಾಗ, ಯಾರೂ ತಮ್ಮನ್ನು ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳುತ್ತಾರೆ. ಆ ಮಾತನ್ನು ಯಜಮಾನ ನಂಬುತ್ತಾನೆ. ಇಂದು ನಾವು ನಂಬುವುದಿಲ್ಲ. 'ಕೆಲಸ ಬೇಕಾದಷ್ಟಿದೆ, ಇವರಿಗೆ ಕೌಶಲವಿಲ್ಲ' ಎಂಬ ಮಾತು 2015ರಲ್ಲಿ ಕೌಶಲ ಅಭಿಯಾನ ಆರಂಭವಾದ ಮೇಲಂತೂ ಎಲ್ಲರ ಬಾಯಲ್ಲೂ ಇದೆ. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದನ್ನು ಹೇಳುವ ಧಾಟಿಯಲ್ಲಿ ನಿರುದ್ಯೋಗವು ನಿರುದ್ಯೋಗಿಯದೇ ತಪ್ಪಾಗಿಬಿಡುತ್ತದೆ. ಕಲಿಯುವ ಎರಡು ವರ್ಷ ಅವನ ಮನೆಯ ಒಲೆ ಹೇಗೆ ಉರಿಯಬೇಕೆಂದು ಯಾರೂ ಕೇಳುವುದಿಲ್ಲ.

ಚಂದ್ರಗುತ್ತಿಯ ಆ ತಂದೆ ಕೇಳಿದರು. ನಾನು ಅವರಿಗೆ ಮೂರು ತಿಂಗಳ ತರಬೇತಿ ಬೇಡ, ಹುಡುಗನನ್ನು ಸರ್ಕಾರಿ ಐಟಿಐಗೆ ಸೇರಿಸಿ ಎಂದೆ. ಉತ್ಸಾಹದಿಂದಲೇ ವಿವರಿಸಿದೆ: 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 4,600 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದ್ದಾರೆ, ಸಿಎನ್‌ಸಿ ಯಂತ್ರ, ರೋಬೋಟು ಎಲ್ಲ ಬಂದಿವೆ, ಶುಲ್ಕ ಅಲ್ಪ, ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಎಲ್ಲಾ ಸರಿ ಫಾದರ್. ಶುಂಠಿಗೆ ಮಾಡಿದ ಸಾಲ ಐತೆ. ಅವನು ಮೂರು ತಿಂಗಳಿಗೆ ಸಂಬಳ ತರ್ತಾನೆ ಅಂತ ಲೆಕ್ಕ ಹಾಕಿದ್ವಿ. ಎರಡು ವರ್ಷ ಯಾರು ನೋಡ್ಕೊಳ್ತಾರೆ?" ಎಂದರು.

ನನ್ನ ವಿಶ್ವಪತ್ರಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಥವಾ ಇತ್ತು, ಆದರೆ ಅದನ್ನು ನಾವೇ ಕೊಡಬೇಕಿತ್ತು. ಬಡವನಿಗೆ ಗೇಣಿಯೇ ಗತಿಯಾಗುವುದು ಬುದ್ಧಿ ಸಾಲದೆ ಅಲ್ಲ, ಕಾಯುವ ಶಕ್ತಿಯಿಲ್ಲದೆ. ಹಾಗಾದರೆ 'ಪೂರ್ತಿ ಕಲಿ' ಎಂದು ಉಪದೇಶಿಸುವವನು ಆ ಕಾಯುವಿಕೆಯ ಭಾರದಲ್ಲಿ ಪಾಲು ಹೊರಬೇಕಲ್ಲವೇ? ಸರ್ಕಾರ ಯಂತ್ರ ಕೊಟ್ಟಿದೆ. ಕಾರ್ಖಾನೆಯವರು ತಯಾರಾಗಿ ಬಂದವನನ್ನು ಬಯಸುತ್ತಾರೆ. ನಡುವಿನ ಎರಡು ವರ್ಷಕ್ಕೆ ಮಾತ್ರ ಯಾರೂ ಇಲ್ಲ.

ಈ ವಿಷಯವನ್ನು ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿಟ್ಟೆ. ಹಬ್ಬದ ವಿದ್ಯುದ್ದೀಪಾಲಂಕಾರದ ಖರ್ಚನ್ನು ಕಡಿಮೆ ಮಾಡಿ ಒಬ್ಬಿಬ್ಬರು ತರುಣರ ಬಸ್ಸು, ಊಟ, ಮನೆಗೆ ತಿಂಗಳ ಅಲ್ಪ ನೆರವನ್ನು ವಹಿಸಿಕೊಳ್ಳಬಹುದೇ ಎಂದು ಕೇಳಿದೆ. ಚರ್ಚೆ ಬಿಸಿಯಾಗಿಯೇ ನಡೆಯಿತು. 'ನಮ್ಮವರಲ್ಲೇ ಬೇಕಾದವರಿರುವಾಗ ಬೇರೆಯವರ ಮಗನೇಕೆ?' ಎಂದರು ಒಬ್ಬರು. 'ಅರ್ಧಕ್ಕೆ ಬಿಟ್ಟು ಓಡಿದರೆ?' ಎಂದರು ಇನ್ನೊಬ್ಬರು. ಆ ಪ್ರಶ್ನೆ ನ್ಯಾಯವಾದದ್ದೇ. ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಹಿರಿಯ ಸದಸ್ಯರೊಬ್ಬರು, ಕಾಗದದ ಕಾರ್ಖಾನೆಯಲ್ಲಿ ದುಡಿದು ಬಂದವರು, ಕೊನೆಗೆ ಎದ್ದು ನಿಂತು, ಮೊದಲ ವರ್ಷದ ಬಸ್ಸಿನ ಹಣ ತಮ್ಮದು ಎಂದು ಹೇಳಿ ಕುಳಿತುಬಿಟ್ಟರು. ಆಮೇಲೆ ಉಳಿದವರೂ ಒಪ್ಪಿದರು.

ಹುಡುಗ ಮೆಷಿನಿಸ್ಟ್ ವಿಭಾಗಕ್ಕೆ ಸೇರಿದ್ದಾನೆ. ಈ ಸಲ ನಾನು ಬರೆದ ಪತ್ರ ಎರಡು ಪುಟವಾಯಿತು. ಒಂದು ಪ್ರತಿಯನ್ನು ನನ್ನಲ್ಲೇ ಇಟ್ಟುಕೊಂಡೆ. ತಿಂಗಳ ಕೊನೆಯ ಶನಿವಾರ ಬಂದು ಹೊಸದಾಗಿ ಏನು ಕಲಿತೆನೆಂದು ನನಗೆ ಹೇಳಿಹೋಗಬೇಕೆಂಬುದು ನಮ್ಮಿಬ್ಬರ ನಡುವಿನ ಕರಾರು. ಮೊನ್ನೆ ಬಂದಾಗ ಅಂಗೈ ತೋರಿಸಿದ. ಅರ ಹಿಡಿದು ಹಿಡಿದು ಬೊಬ್ಬೆ ಎದ್ದಿದ್ದವು. ಅಣ್ಣನನ್ನೂ ಜೊತೆಗೆ ಕರೆತಂದಿದ್ದ. ಅಣ್ಣ ಹೊರಗೆ ಜಗಲಿಯಲ್ಲೇ ನಿಂತಿದ್ದ, ಒಳಗೆ ಕರೆದರೂ ಬರಲಿಲ್ಲ. ಹೊರಡುವಾಗ, ಇಪ್ಪತ್ತಾರು ವಯಸ್ಸಿನವನನ್ನೂ ಐಟಿಐಗೆ ಸೇರಿಸಿಕೊಳ್ಳುತ್ತಾರೆಯೇ ಎಂದು ತಮ್ಮನ ಕೈಲಿ ಕೇಳಿಸಿದ. ಸೇರಿಸಿಕೊಳ್ಳುತ್ತಾರೆ. ಆದರೆ ಪಾಲನಾ ಸಮಿತಿ ಒಪ್ಪಿರುವುದು ಒಬ್ಬನ ಒಂದು ವರ್ಷಕ್ಕೆ ಮಾತ್ರ. ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ ಇದೆ.